ಸೊನ್ನೆಯ ವಾಸನೆ

ಐವತ್ತಮೂರನೆಯ ಸಲ. ಇಂದ್ರಾಣಿ ಗಾಜಿನ ಕೊಳವೆಗೆ ಮೂಗು ಒಡ್ಡಿ, ಮನಸ್ಸಿನಲ್ಲೇ ಎಂಟರವರೆಗೆ ಎಣಿಸುತ್ತ ಉಸಿರೆಳೆದುಕೊಂಡಳು. ಆಗಷ್ಟೇ ಆರಿದ ತುಪ್ಪದ ದೀಪದ ಹೊಗೆ. ಬೆಳಗ್ಗೆ ಹತ್ತಕ್ಕೆ ಶುರುಮಾಡಿದಾಗ ಅದರೊಳಗೆ ಹತ್ತಿಯ ಬತ್ತಿ, ಹಿತ್ತಾಳೆ, ಕಮರಿದ ತುಪ್ಪ ಮೂರೂ ಬೇರೆಬೇರೆಯಾಗಿ ಸಿಗುತ್ತಿದ್ದವು. ಮೂವತ್ತನೆಯ ಸಲದ ಹೊತ್ತಿಗೆ ಹಿತ್ತಾಳೆ ಹೋಯಿತು. ನಲವತ್ತೈದಕ್ಕೆ ಬತ್ತಿಯೂ ಹೋಯಿತು. ಈಗ ಉಳಿದದ್ದು ತುಪ್ಪದ ಒಂದು ತೆಳು ಎಳೆ, ಪಕ್ಕದ ಮನೆಯಲ್ಲಿ ಯಾರೋ ದೀಪ ಆರಿಸಿದಂತೆ. ಹಣೆಗೆ ಬಿಗಿದ ಪಟ್ಟಿ ಚುರುಕ್ಕೆಂದಿತು. ಎದುರಿನ ಪರದೆಯ ಮೇಲೆ ಹಸಿರು ಗೆರೆ ಏರಿ, ಬಾಗಿ, ಇಳಿಯಿತು.

ಇನ್ನು ಏಳು ಸಲ ಆದರೆ ಇವತ್ತಿನ ಕೆಲಸ ಮುಗಿಯುತ್ತದೆ. ಪ್ರತಿ ಸಲಕ್ಕೂ ನಡುವೆ ಅರ್ಧ ನಿಮಿಷದ ಬಿಡುವು. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಮಡಿಕೆಯನ್ನು ನೋಡದೆಯೇ ಎಳೆದು ಮೂಗಿಗೆ ಹಿಡಿದುಕೊಂಡಳು. ಎಷ್ಟೋ ವರ್ಷದ ಅಭ್ಯಾಸ. ಕೈ ತಾನಾಗಿ ಹೋಗುತ್ತದೆ.

ಆಗ ಬಾಗಿಲು ತೆರೆಯಿತು. ಅರವತ್ತು ಮುಗಿಯುವ ತನಕ ಯಾರೂ ಒಳಗೆ ಬರಬಾರದು ಎಂಬುದು ಈ ಪ್ರಯೋಗಾಲಯದ ಮೊದಲ ನಿಯಮ. ಆ ನಿಯಮ ಮಾಡಿದ ಡಾಕ್ಟರ್ ದೇಚಮ್ಮನೇ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಸುಜಯ್ ಪಡಿವಾಳ. ಯಾವ ಪ್ರವಾಸ ಜನಕ್ಕೆ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಮೊದಲೇ ಪರೀಕ್ಷಿಸಿ ಹೇಳುವುದು ಅವನ ಕೆಲಸ.

"ಇಂದ್ರಾಣಮ್ಮ, ಕೈಯಲ್ಲಿರೋದು ಏನು?" ಎಂದು ದೇಚಮ್ಮ ಕೇಳಿದಳು. ಅದು ಬೈಯುವ ದನಿಯಾಗಿರಲಿಲ್ಲ. ಬಹಳ ಹೊತ್ತು ಹುಡುಕಿದ್ದು ಕೊನೆಗೆ ಸಿಕ್ಕಿದವರ ದನಿಯಾಗಿತ್ತು.

ಗಂಧಯಾನ ಸಂಸ್ಥೆ ಮಾರುವುದು ಪ್ರವಾಸವನ್ನು. ಆದರೆ ಅದು ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ. ವಿಮಾನದ ಸೀಟಿಗೆ ಸರ್ಕಾರ ಚೀಟಿ ಎತ್ತುವ ಕಾಲ ಬಂದಿತ್ತು. ಬೇಸಿಗೆಯ ನಾಲ್ಕು ತಿಂಗಳು ಹಗಲಲ್ಲಿ ರಸ್ತೆಗಿಳಿಯುವುದೇ ಕಷ್ಟವಾಗಿತ್ತು. ಜನ ಮೊದಲು ಪರದೆಗಳಲ್ಲಿ ಊರು ನೋಡಿದರು, ಬೇಗ ಬೇಸತ್ತರು. ಕಣ್ಣಿಗೆ ಕಿವಿಗೆ ಮೋಸ ತಿಳಿದುಬಿಡುತ್ತದೆ. ಮೂಗಿಗೆ ತಿಳಿಯುವುದಿಲ್ಲ. ಕಣ್ಣು ಕಟ್ಟಿ ಕುರ್ಚಿಯಲ್ಲಿ ಕೂರಿಸಿ ಗಂಗೆಯ ಮೆಟ್ಟಿಲಿನ ಬೆಳಗಿನ ವಾಸನೆ ಕೊಟ್ಟರೆ ಮೈ ತಾನೇ ಚಳಿಗೆ ಮುದುಡುತ್ತದೆ, ಅಂಗಾಲು ಒದ್ದೆಯಾದಂತೆ ಅನಿಸುತ್ತದೆ. ಬರೀ ಶೀಶೆಯ ಗಾಳಿ ಕೊಟ್ಟರೆ ಅದು ಅತ್ತರಿನ ಅಂಗಡಿ; ಅದರ ಜತೆಗೆ, ಆ ವಾಸನೆಯನ್ನು ಚೆನ್ನಾಗಿ ಬಲ್ಲ ಒಂದು ಮೂಗು ಹೇಗೆ ಮಿಡಿಯುತ್ತದೆ ಎಂಬ ಗೆರೆಯನ್ನೂ ಹಣೆಯ ಪಟ್ಟಿಯಿಂದ ದಾಟಿಸಿದರೆ ಅದು ಊರು. ಆ ಗೆರೆಯನ್ನು ಯಂತ್ರಕ್ಕೆ ಕಲಿಸುವುದಕ್ಕೆ ಹನ್ನೊಂದು ಹೆಂಗಸರನ್ನು ಇಟ್ಟುಕೊಂಡಿದ್ದರು. ಎಲ್ಲರೂ ಮೈಸೂರಿನ ಊದುಬತ್ತಿ ಶೆಡ್ಡುಗಳಲ್ಲಿ ಕೂದಲು ನರೆಸಿಕೊಂಡವರು. ಕಚೇರಿಯ ಹುಡುಗಿಯರು ಅವರನ್ನು ಮೂಗಮ್ಮಗಳು ಎಂದು ಕರೆಯುತ್ತಿದ್ದರು, ಎದುರಿಗೇ.

ಹೊಸ ಪ್ರವಾಸಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಸುಜಯ್ ನಲವತ್ತು ಜನರನ್ನು ಕರೆಸುತ್ತಾನೆ. ಮೂವತ್ತು ಶೀಶೆ, ಒಂದೊಂದಕ್ಕೆ ಹನ್ನೊಂದು ಸೆಕೆಂಡು, ಒಂದೇ ಪ್ರಶ್ನೆ: ಈ ಜಾಗಕ್ಕೆ ಹೋಗುತ್ತೀರಾ? ಉತ್ತರ ಐದು. ಖಂಡಿತ, ಬಹುಶಃ, ಹೇಳಲಾರೆ, ಇಷ್ಟವಿಲ್ಲ, ಎಂದಿಗೂ ಇಲ್ಲ. ಜನ ನಿಜವಾಗಿ ಮೂಸುತ್ತಿದ್ದಾರೋ ಸುಮ್ಮನೆ ಗುಂಡಿ ಒತ್ತುತ್ತಿದ್ದಾರೋ ತಿಳಿಯುವುದಕ್ಕೆಂದು ನಡುವೆ ಒಂದು ಖಾಲಿ ಶೀಶೆಯನ್ನು ಸೇರಿಸುತ್ತಾರೆ. ಕಲಿಸುವವರ ಬಿಡುವಿನಲ್ಲಿ ಕೊಳವೆಯಿಂದ ಹಿಡಿದ ಶುದ್ಧ ಗಾಳಿ ಅದು. ಈ ಸಲದ ಖಾಲಿ ಶೀಶೆಯ ಸಂಖ್ಯೆ ಇಪ್ಪತ್ತೇಳು. ಅದಕ್ಕೆ ಬಳಸಿದ್ದು ಇಂದ್ರಾಣಿಯ ಬಿಡುವಿನ ಗಾಳಿ, ಜತೆಗೆ ಆ ಹೊತ್ತಿನ ಅವಳ ಗೆರೆ.

"ನಲವತ್ತರಲ್ಲಿ ಮೂವತ್ತಾರು ಜನ ಖಂಡಿತ ಅಂದಿದ್ದಾರೆ," ಎಂದ ಸುಜಯ್. "ಕಾಶಿಗೇ ಹತ್ತೊಂಬತ್ತು ಬಂದಿರೋದು. ಖಾಲಿ ಶೀಶೆಗೆ ಜನ ಸೀಟು ಹಿಡೀತಿದ್ದಾರೆ ಅಮ್ಮ."

ಇಂದ್ರಾಣಿ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಅದನ್ನು ಮಡಿಚಿ ಸೊಂಟಕ್ಕೆ ಸೇರಿಸುವುದಕ್ಕೆ ಕೈ ಹೋಯಿತು. ಅಷ್ಟರಲ್ಲಿ ಅವರಿಬ್ಬರೂ ಅದನ್ನು ನೋಡಿಯಾಗಿತ್ತು.

ಆ ಬಟ್ಟೆ ಷಹತಾಜಳ ದುಪಟ್ಟಾದ ಅರ್ಧ.

ಮಂಡಿ ಮೊಹಲ್ಲಾದ ಶೆಡ್ಡಿನಲ್ಲಿ ಹೊರಗೆ ಬತ್ತಿ ಹೊಸೆಯುವವರು, ಒಳಗಿನ ಕೋಣೆಯಲ್ಲಿ ಸುಗಂಧ ಕಲೆಸುವವರು. ಒಳಗೆ ಸೇರಿದ ಮೊದಲ ವಾರವೇ ಅಲ್ಲಿನ ಹಿರಿಯಳೊಬ್ಬಳು ಇಂದ್ರಾಣಿಗೆ ಪಾಠ ಹೇಳಿದ್ದಳು. ಒಂದು ವಾಸನೆ ನೋಡಿದ ಮೇಲೆ ಇನ್ನೊಂದನ್ನು ನೋಡುವ ಮೊದಲು ಮೂಗನ್ನು ಒಂದು ಕಡೆ ಕೂರಿಸಬೇಕು. ಬೇರೆ ಶೆಡ್ಡುಗಳಲ್ಲಿ ತಮ್ಮ ತಮ್ಮ ಸೆರಗನ್ನೇ ಮೂಸುತ್ತಾರೆ. ಅದು ತಪ್ಪು, ನಮ್ಮ ಮೈವಾಸನೆ ನಮಗೆ ಸಿಗುವುದೇ ಇಲ್ಲ, ಮೂಗು ಕೂರುವುದಕ್ಕೆ ಹೋಗಿ ಬೀಳುತ್ತದೆ. ಪಕ್ಕದವಳ ಸೆರಗು ಮೂಸು. ದಿನಾ ಮೂಸಿ ಮೂಸಿ ಅದು ಸೊನ್ನೆಯಾಗುತ್ತದೆ. ಆಮೇಲೆ ಎಲ್ಲವನ್ನೂ ಅಲ್ಲಿಂದ ಎಣಿಸು.

ಪಕ್ಕದವಳು ಷಹತಾಜ್. ಹತ್ತೊಂಬತ್ತು ವರ್ಷ ಎಡಗಡೆಯ ಮಣೆ ಅವಳದೇ. ಹಾಲುಮಡ್ಡಿಯ ಅಂಟು, ಶುಂಠಿ ಹಾಕಿದ ಟೀ, ಇದ್ದಿಲಿನ ಪುಡಿ, ತಲೆಗೆ ಹಚ್ಚಿದ ಎಣ್ಣೆ, ಇವೆಲ್ಲ ಸೇರಿ, ಇವು ಯಾವುದೂ ಅಲ್ಲದ ಒಂದು ವಾಸನೆ. ದಿನಕ್ಕೆ ನೂರು ಸಲ ಇಂದ್ರಾಣಿ ಎಡಕ್ಕೆ ವಾಲುತ್ತಿದ್ದಳು, ನೂರು ಸಲ ಷಹತಾಜ್ ಬಲಕ್ಕೆ. "ನಿನ್ ಗಂಡನೂ ಇಷ್ಟು ಹತ್ರ ಬರಲ್ಲ ಮಾ," ಎಂದು ಅವಳು ನಗುತ್ತಿದ್ದಳು.

ಆ ಶೆಡ್ಡಿನಲ್ಲಿ ಇನ್ನೊಂದು ವಾಸನೆಯೂ ಇತ್ತು. ಲವಂಗ, ಪುನುಗು, ಪೆಟ್ಟಿಗೆಯಿಂದ ತೆಗೆದ ಬಿಳಿ ಅಂಗಿಯ ನುಸಿಗುಳಿಗೆ. ಅದು ಮೇಸ್ತ್ರಿಯದು. ಹೆಜ್ಜೆ ಕೇಳಿಸುವ ಮೊದಲೇ ಅದು ಬರುತ್ತಿತ್ತು, ಬೆನ್ನ ಹಿಂದಿನಿಂದ. ಬಂದ ಕೂಡಲೇ ಇಂದ್ರಾಣಿಯ ಬೆರಳುಗಳು ನಿಂತುಬಿಡುತ್ತಿದ್ದವು. ಕಲೆಸಿದ್ದು ಸರಿಯಿದೆಯೇ ನೋಡುವ ನೆಪದಲ್ಲಿ ಅವನು ಬಾಗುತ್ತಿದ್ದ, ಭುಜದ ಮೇಲೆ ಊರಿದ ಕೈ ಮೆಲ್ಲಗೆ ಜಾರುತ್ತಿತ್ತು. ಹನ್ನೆರಡು ಹೆಂಗಸರ ಕೋಣೆ ಅದು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡುತ್ತಿದ್ದರು. ಷಹತಾಜ್ ಮಾತ್ರ ಆ ವಾಸನೆ ಬಂದದ್ದೇ ತಡ ತನ್ನ ದುಪಟ್ಟಾದ ತುದಿಯನ್ನು ಇಂದ್ರಾಣಿಯ ಮುಖದ ಮೇಲೆ ಎಸೆದುಬಿಡುತ್ತಿದ್ದಳು, ಆಟಕ್ಕೆಂಬಂತೆ. ಅದರೊಳಗೆ ಇಂದ್ರಾಣಿ ಉಸಿರಾಡುತ್ತಿದ್ದಳು.

ಒಂದು ದಿನ ಷಹತಾಜ್ ಎದ್ದು ನಿಂತು ಕರಿ ಹಿಟ್ಟಿನ ತಟ್ಟೆಯನ್ನು ಅವನ ಬಿಳಿ ಅಂಗಿಯ ಮೇಲೆ ಬೋರಲು ಹಾಕಿದಳು.

"ಕೈ ಜಾರ್ತು ಮೇಸ್ತ್ರಿ," ಎಂದಳು. "ನಿಮ್ಮದೂ ಜಾರ್ತದಲ್ಲ, ಹಂಗೇ."

ಮಾಲೀಕರು ವಿಚಾರಣೆಗೆ ಕರೆದರು. ಮೇಸ್ತ್ರಿ ಏನಾದರೂ ಮಾಡಿದ್ದನ್ನು ನೀನು ಕಂಡಿದ್ದೀಯಾ ಎಂದು ಇಂದ್ರಾಣಿಯನ್ನು ಕೇಳಿದರು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಲವಂಗ, ಪುನುಗು, ನುಸಿಗುಳಿಗೆ. ಬೆರಳು ನಿಂತಂತೆ ನಾಲಿಗೆಯೂ ನಿಂತಿತು. ಇಲ್ಲ ಸಾರ್ ಎಂದಳು. ಷಹತಾಜಳನ್ನು ಎರಡು ತಿಂಗಳು ಕೆಲಸದಿಂದ ಹೊರಗಿಟ್ಟರು. ಮರಳಿ ಬಂದ ದಿನ ಅವಳು ಎಂದಿನಂತೆ ಎಡಗಡೆಯ ಮಣೆಯಲ್ಲಿ ಕೂತು, "ಮೂಗು ಹುಲಿ, ನಾಲಿಗೆ ಇಲಿ," ಎಂದು ಇಂದ್ರಾಣಿಯ ಗಲ್ಲ ಚಿವುಟಿದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದೆ ಇದ್ದದ್ದರಿಂದಲೇ ಅದು ಇಂದ್ರಾಣಿಯೊಳಗೆ ಇವತ್ತಿಗೂ ಹಾಗೇ ಕೂತಿದೆ.

ಇದ್ದಿಲಿನ ಪುಡಿ ಷಹತಾಜಳ ಶ್ವಾಸಕೋಶಕ್ಕೆ ಇಳಿದಿತ್ತು. ಆಸ್ಪತ್ರೆಯ ಮಂಚದ ಮೇಲೆ ಕೂತು ಅವಳೇ ದುಪಟ್ಟಾವನ್ನು ಹಲ್ಲಿನಿಂದ ಕಚ್ಚಿ ಎರಡು ಸೀಳು ಮಾಡಿದಳು. ಒಂದನ್ನು ಹೊದ್ದುಕೊಂಡಳು, ಇನ್ನೊಂದನ್ನು ಕೊಟ್ಟಳು. "ನಿನ್ ಮೂಗಿಗೆ ಕೂರಕ್ಕೆ ಜಾಗ ಬೇಕಲ್ಲ." ಹೊದ್ದುಕೊಂಡದ್ದು ಅವಳ ಜತೆಗೇ ಹೋಯಿತು. ಇದಕ್ಕೆ ಈಗ ಮೂರು ವರ್ಷ. ಇಂದ್ರಾಣಿ ತನ್ನ ಅರ್ಧವನ್ನು ಬಿಗಿ ಮುಚ್ಚಳದ ಸ್ಟೀಲು ಡಬ್ಬಿಯಲ್ಲಿ ಇಟ್ಟು, ಕೆಲಸಕ್ಕೆ ಬರುವಾಗ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹಾಲುಮಡ್ಡಿ ಹಿಡಿದ ವಾಸನೆ ಸುಲಭಕ್ಕೆ ಬಿಡುವುದಿಲ್ಲ.

ಅಂದು ಮಧ್ಯಾಹ್ನ ಸುಜಯ್ ಅವಳನ್ನು ಗಾಜಿನ ಕೋಣೆಗೆ ಕರೆದೊಯ್ದ, ದೇಚಮ್ಮನೂ ಜತೆಗಿದ್ದಳು. ಕುರ್ಚಿಗಳಿರುವ ಹಜಾರವನ್ನು ಅಲ್ಲಿಂದ ನೋಡಬಹುದು. ಪರೀಕ್ಷೆಗೆ ಬಂದವರು ಆಡಿದ ಮಾತುಗಳನ್ನು ಅವನು ಒಂದೊಂದಾಗಿ ಕೇಳಿಸಿದ. ಒಬ್ಬ ನಿವೃತ್ತ ಮೇಷ್ಟ್ರು ಇದು ಯಾವ ಊರು, ಬಸ್ಸು ಇದೆಯಾ ಎಂದು ಕೇಳಿದ್ದರು. ಕಾಲೇಜಿನ ಹುಡುಗನೊಬ್ಬ, ಇಲ್ಲಿ ನಿದ್ದೆ ಮಾಡಬಹುದು ಎಂದಿದ್ದ. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು, ಇಲ್ಲಿ ನನ್ನ ಬೆನ್ನ ಹಿಂದೆ ಯಾರೂ ಇಲ್ಲ ಎಂದಿದ್ದಳು. ಆ ಮಾತಿಗೆ ಇಂದ್ರಾಣಿಯ ಕೈ ಸೊಂಟದ ಬಟ್ಟೆಗೆ ಹೋಯಿತು.

ಇದಕ್ಕೆ ನೆಮ್ಮದಿ ಎಂದು ಹೆಸರಿಡುವುದಾಗಿ ಸುಜಯ್ ಹೇಳಿದ. ಇಷ್ಟು ವರ್ಷ ನಾವು ಜನಕ್ಕೆ ಜಾಗ ಮಾರಿದೆವು; ಜನಕ್ಕೆ ಬೇಕಾದದ್ದು ಜಾಗವೇ ಅಲ್ಲ ಎಂದು ಈಗ ಗೊತ್ತಾಯಿತು ಎಂದ. ಅವನ ಕಣ್ಣಲ್ಲಿ ಮೋಸವಿರಲಿಲ್ಲ. ಒಳ್ಳೆಯ ಸರಕು ಸಿಕ್ಕಿದವನ ಸಂತೋಷವಿತ್ತು. ಇಂದ್ರಾಣಿಗೆ ಕೆಲಸ ಕಾಯಂ ಆಗುತ್ತದೆ, ಬಾಗಿಲ ಬಳಿಯ ಗೋಡೆಯ ಮೇಲೆ ಅವಳ ಚಿತ್ರ ಬರುತ್ತದೆ. ಅವಳು ಮಾಡಬೇಕಾದದ್ದು ಇಷ್ಟೇ: ಸೋಮವಾರ ಆ ಬಟ್ಟೆಯನ್ನು ಅರವತ್ತು ಸಲ ಕಲಿಸುವುದು.

ಇಂದ್ರಾಣಿ ಅವನ ಮುಖ ನೋಡದೆ ದೇಚಮ್ಮನನ್ನು ಕೇಳಿದಳು.

"ಮೇಡಂ, ಅರವತ್ತು ಸಲ ಆದ್ಮೇಲೆ ಆ ವಾಸ್ನೆ ನಂಗೆ ವಾಪಸ್ ಬರ್ತದಾ?"

ಮೂಗು ಮಂಕಾಗುವುದು ಬರೀ ದಣಿವು, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದು ಕೆಲಸಕ್ಕೆ ಸೇರುವಾಗ ಹೇಳಿದ್ದರು. ಪ್ರತಿ ಸಲವೂ ಹಣೆಯ ಪಟ್ಟಿ ನರಕ್ಕೆ ಒಂದು ಸಣ್ಣ ತಳ್ಳು ಕೊಡುತ್ತದೆ. ಗೆರೆ ಯಂತ್ರದಲ್ಲಿ ಆಳವಾದಷ್ಟೂ ಮೂಗಿನಲ್ಲಿ ಮಾಸುತ್ತದೆ. ಮೊದಲು ಮಲ್ಲಿಗೆ ಹೋಯಿತು. ಆಮೇಲೆ ಮಣ್ಣಿಗೆ ಮಳೆ ಬಿದ್ದ ವಾಸನೆ. ಆಮೇಲೆ ಕಾಫಿ. ಎರಡು ವರ್ಷವಾಯಿತು, ಯಾವುದೂ ಬಂದಿರಲಿಲ್ಲ. ಆದರೆ ಅವು ಊರೆಲ್ಲರ ವಾಸನೆಗಳು, ಹೋದರೆ ಹೋಗಲಿ ಎಂದು ಇಂದ್ರಾಣಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ದೇಚಮ್ಮ ಮೇಜಿನ ಅಂಚನ್ನು ಸವರುತ್ತ ನಿಂತಳು. "ಬರಲ್ಲ," ಎಂದಳು. "ನಾನು ಬರುತ್ತೆ ಅಂತ ಬರೆದಿದ್ದೆ. ತಪ್ಪಾಗಿತ್ತು. ಇದರಲ್ಲಿ ಇನ್ನೊಂದು ವಿಷಯ ಇದೆ. ಅವರಿಗೆಲ್ಲ ಹಿಡಿಸಿದ್ದು ಬಟ್ಟೆಯ ವಾಸನೆ ಅಲ್ಲ. ಅದನ್ನ ಮೂಸಿದಾಗ ನಿಮ್ಮ ಮೂಗು ಪೂರ್ತಿ ಸುಮ್ಮನಾಗುತ್ತೆ, ಆ ಸುಮ್ಮನಿರೋದು ಅವರಿಗೆ ಸಿಕ್ಕಿದೆ. ಅದು ನಿಮ್ಮ ಸೊನ್ನೆ. ಸೊನ್ನೆಯನ್ನೇ ತೆಗೆದರೆ ಮಿಕ್ಕಿದ್ದನ್ನ ಎಲ್ಲಿಂದ ಎಣಿಸ್ತೀರೋ ನನಗೆ ಗೊತ್ತಿಲ್ಲ."

ಹಾಗಾದರೆ ಆಗುವುದಿಲ್ಲ ಎಂದು ಇಂದ್ರಾಣಿ ಹೇಳಿದಳು. ಅಷ್ಟು ನೇರವಾಗಿ ಹೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

ಸುಜಯ್ ಸಿಟ್ಟಾಗಲಿಲ್ಲ. ಒಪ್ಪಂದದ ಪುಟ ತೆಗೆದು ತೋರಿಸಿದ. ಪಟ್ಟಿ ಹಣೆಯ ಮೇಲಿರುವಾಗ ಮೂಗಿಗೆ ಬಂದ ಎಲ್ಲ ವಾಸನೆಯೂ, ಅದು ಬಂದ ವಸ್ತುವೂ ಸಂಸ್ಥೆಗೆ ಸೇರಿದ್ದು. ಕೆಳಗೆ ಅವಳದೇ ರುಜು. ಓದಿಯೇ ಹಾಕಿದ್ದಳು, ಅವರು ಕೊಟ್ಟದ್ದನ್ನು ಬಿಟ್ಟು ಬೇರೆ ಏನು ತನ್ನ ಮೂಗಿಗೆ ಬಂದೀತು ಎಂದು ಆಗ ಅನಿಸಿತ್ತು. ನೀವು ಒಪ್ಪದಿದ್ದರೆ ಬಟ್ಟೆಯನ್ನು ಇಲ್ಲಿ ಇಟ್ಟು ಹೋಗಿ, ನಿಮ್ಮ ಜತೆಯ ದೇವೀರಮ್ಮನ ಮೂಗಿನಿಂದ ಪ್ರಯತ್ನಿಸುತ್ತೇವೆ ಎಂದ. ದೇವೀರಮ್ಮನಿಗೆ ಅದು ಬರೀ ಹಳೆಯ ಬಟ್ಟೆ, ಏನೂ ಪ್ರಯೋಜನವಾಗದು ಎಂದಳು ದೇಚಮ್ಮ. ಪ್ರಯತ್ನ ತಾನೇ ಎಂದ ಸುಜಯ್.

ಕೊಳವೆಗೆ ವಾಸನೆ ಎಬ್ಬಿಸಲು ಅರವತ್ತು ಸಲ ಬಿಸಿಗಾಳಿ ಹಾಯಿಸಿದ ಮೇಲೆ ಬಟ್ಟೆಯಲ್ಲಿ ಏನುಳಿಯುತ್ತದೆ ಎಂದು ಇಂದ್ರಾಣಿಗೆ ಗೊತ್ತಿತ್ತು. ಒಪ್ಪಿದರೆ ಮೂಗಿನಿಂದ ಹೋಗುತ್ತದೆ, ಒಪ್ಪದಿದ್ದರೆ ಬಟ್ಟೆಯಿಂದ. ಅವಳ ಬಾಯಿಂದ ತಾನಾಗಿ ಮಾತು ಬಂತು.

"ಇದು ಹಳಸೋಗದೆ. ಇದರ ಇನ್ನರ್ಧ ಮನೇಲಿ ಡಬ್ಬಿ ಒಳಗೆ ಮುಚ್ಚಿಟ್ಟಿವ್ನಿ, ಅದು ಚೆನ್ನಾಗದೆ. ಸೋಮವಾರ ಅದನ್ನೇ ತತ್ತೀನಿ."

ಯಾಕೆ ಹಾಗೆ ಹೇಳಿದಳೋ ಅವಳಿಗೆ ತಿಳಿದಿರಲಿಲ್ಲ. ಇನ್ನರ್ಧ ಮಣ್ಣಿನೊಳಗೆ ಇತ್ತು. ಎರಡು ದಿನದ ಮಟ್ಟಿಗೆ ಬಟ್ಟೆಯನ್ನು ಆ ಕಟ್ಟಡದಿಂದ ಆಚೆ ಒಯ್ಯಬೇಕು ಎಂಬುದಷ್ಟೇ ಆ ಕ್ಷಣಕ್ಕೆ ತಲೆಯಲ್ಲಿತ್ತು. ಹಳಸಿದ್ದು ನಮಗೆ ಬೇಡ, ಸೋಮವಾರವೇ ಆಗಲಿ ಎಂದಳು ದೇಚಮ್ಮ; ಸುಜಯ್ ಒಪ್ಪಿದ.

ಓಣಿಯಲ್ಲಿ ಜತೆಗೆ ನಡೆಯುತ್ತ ದೇಚಮ್ಮ ಇನ್ನೆರಡು ಮಾತು ಹೇಳಿದಳು, ಯಾರಿಗೆ ಎಂದಿಲ್ಲದೆ, ಗೋಡೆಗೆ ಹೇಳಿದಂತೆ. ಇಪ್ಪತ್ತೇಳರ ಶೀಶೆ ಪರೀಕ್ಷೆಯಲ್ಲೇ ಪೂರ್ತಿ ಮುಗಿದಿದೆ. ಅದರ ಗೆರೆ ನೇರ ಗೆರೆ. ಸೊನ್ನೆಗೆ ಏರಿಳಿತ ಇರುವುದಿಲ್ಲ. ಹೊಸದಾಗಿ ಕಲಿಸಿದ್ದನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಏನೂ ಇಲ್ಲ. ಆಮೇಲೆ ಅವಳು ಎಡಕ್ಕೆ ತಿರುಗಿ ತನ್ನ ಕೋಣೆಗೆ ಹೋದಳು.

ಕೆಳಗೆ ಕೈತೊಳೆಯುವ ಜಾಗದಲ್ಲಿ ದೇವೀರಮ್ಮ ಸಿಕ್ಕಿದಳು. ಹನ್ನೊಂದು ಮಂದಿಯಲ್ಲಿ ಎಲ್ಲರಿಗಿಂತ ಹಿರಿಯಳು. ಹೋದ ವರ್ಷ ಅವಳು ಎಳೆಗೂಸಿನ ನೆತ್ತಿಯ ವಾಸನೆ ಕಲಿಸಿದ್ದಳು. ದೂರದಲ್ಲಿರುವ ಅಜ್ಜ ಅಜ್ಜಿಯರಿಗೆಂದು ಮಾಡಿದ ಆ ಶೀಶೆ ಚೆನ್ನಾಗಿ ಓಡುತ್ತಿತ್ತು. ನಾಲ್ಕು ತಿಂಗಳ ಹಿಂದೆ ಅವಳ ಮಗಳು ಹೆತ್ತಳು.

ಮೊಮ್ಮಗು ಹೇಗಿದೆ ಎಂದು ಇಂದ್ರಾಣಿ ಕೇಳಿದಳು.

"ಗುಂಡುಗುಂಡಾಗದೆ ಕಣವ್ವ," ಎಂದಳು ದೇವೀರಮ್ಮ, ಕೈ ಒರೆಸಿಕೊಳ್ಳುತ್ತ. "ಎತ್ಕಂಡ್ರೆ ಗೊಂಬೆ ಎತ್ಕಂಡಂಗೆ ಆಯ್ತದೆ. ಯಾರ ಮಗುನೋ ಅನ್ನಂಗೆ. ಮಗಳಿಗೆ ಹೇಳಿಲ್ಲ." ಇಷ್ಟು ಹೇಳಿ, ಕನ್ನಡಿಯಲ್ಲಿ ನೋಡಿ ಕುಂಕುಮ ಸರಿಮಾಡಿಕೊಂಡು ಮೇಲೆ ಹೋದಳು.

ಮನೆಯಲ್ಲಿ ಅಡಿಗೆ ಈಗ ರಾಚಪ್ಪನದು. ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿಯ ಮೂಗಿನಿಂದ ಒಂದೊಂದೇ ವಾಸನೆ ಇಳಿದುಹೋದಂತೆ ಅವನು ಒಂದೊಂದೇ ಒಲೆ ಕೆಲಸವನ್ನು ಹತ್ತಿಸಿಕೊಂಡಿದ್ದ. ಮೊದಮೊದಲು ಕಾಫಿ ಉಕ್ಕಿ ಹೊತ್ತಿದರೂ ತಿಳಿಯದೆ ಅವಳು ಪಕ್ಕದಲ್ಲೇ ಕೂತು ಹೂಕೋಸು ಬಿಡಿಸುತ್ತಿದ್ದಳು. ಈಗ ಅವನು ಹಜಾರದಿಂದಲೇ, ಕಂಡಕ್ಟರು ನಿಲ್ದಾಣ ಕೂಗುವಂತೆ, ಹಾಲು ಬಂತು, ಒಗ್ಗರಣೆ ಬಂತು ಎಂದು ಕೂಗುತ್ತಾನೆ. ಅವಳಿಗೆ ನಗು ಬರುತ್ತದೆ. ಒಳ್ಳೆಯವನೇ.

ಆ ಸಂಜೆ ಅವನು ದೇವರ ಮುಂದಿನ ದೀಪ ಹಚ್ಚಿದ. ಗಾಳಿಗೆ ಅದು ಆರಿತು. ಬತ್ತಿಯ ತುದಿಯಿಂದ ಹೊಗೆಯ ದಾರ ನೇರ ಅವಳ ಕಡೆಗೇ ಬಂತು. ಇಂದ್ರಾಣಿ ಮುಖ ಮುಂದಕ್ಕೆ ತಂದಳು. ಏನೂ ಇಲ್ಲ. ಐವತ್ತಮೂರೇ ಸಾಕಾಗಿತ್ತು.

ಊಟದ ಹೊತ್ತಿಗೆ ಅವಳು ವಿಷಯವನ್ನು ಅರ್ಧ ಹೇಳಿದಳು. ಒಂದು ಹಳೆಯ ಬಟ್ಟೆ, ಅವರಿಗೆ ಅದು ಬೇಕಂತೆ.

"ಆ ತಾಜಮ್ಮಂದಾ?" ಎಂದ ರಾಚಪ್ಪ. "ಕೊಟ್ಬುಡು ಅತ್ಲಾಗೆ. ಕೆಲ್ಸ ಕಾಯಂ ಅಂದ್ರೆ ಸುಮ್ನೆನಾ? ಹಳೇ ಬಟ್ಟೆ ಇಟ್ಕಂಡು ಏನ್ ಹೊದ್ಕತೀಯಾ?"

ಅವನಿಗೆ ಷಹತಾಜ್ ಎಂದರೆ ಕೆಲಸದ ಜಾಗದಲ್ಲಿ ಪಕ್ಕ ಕೂರುತ್ತಿದ್ದ ಹೆಂಗಸು, ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಕಳಿಸುತ್ತಿದ್ದವಳು. ಮೇಸ್ತ್ರಿ ಎಂಬವನೊಬ್ಬ ಇದ್ದ ಎಂದೂ ಅವನಿಗೆ ತಿಳಿಯದು. ತಿಳಿಸಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ತೆರೆದಾಗೆಲ್ಲ ಇಲ್ಲ ಸಾರ್ ಎಂದ ತನ್ನದೇ ದನಿ ಮೊದಲು ಕೇಳಿಸುತ್ತಿತ್ತು. ಆವತ್ತು ಇಲ್ಲ ಎಂದವಳು ಇವತ್ತು ಹೌದು ಎಂದರೆ ಯಾರು ನಂಬುತ್ತಾರೆ? ಹೊದ್ದುಕೊಳ್ಳುವುದಕ್ಕೇ ಇಟ್ಟಿದ್ದೇನೆ ಎಂದು ಹೇಳಬೇಕೆನಿಸಿತು. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಶನಿವಾರ ಬೆಳಗ್ಗೆ ಅವಳು, ಬಟ್ಟೆಯನ್ನು ಮನೆಯಲ್ಲಿ ಬಿಡಲು ಮನಸ್ಸಾಗದೆ ಸೊಂಟಕ್ಕೇ ಸಿಕ್ಕಿಸಿಕೊಂಡು, ಅರಿಶಿನ ತರಲು ದೇವರಾಜ ಮಾರುಕಟ್ಟೆಗೆ ಹೋದಳು. ಹೂವಿನ ಸಾಲು ದಾಟಿದಳು. ಎರಡೂ ಕಡೆ ಗುಡ್ಡೆ ಗುಡ್ಡೆ ಮಲ್ಲಿಗೆ, ಅವಳಿಗೆ ಅದು ಬಿಳಿ ಬಣ್ಣ ಮಾತ್ರ. ಗ್ರಂಧಿಗೆ ಅಂಗಡಿಯ ಮುಂದೆ ಮೂರನೆಯವಳಾಗಿ ನಿಂತಳು. ಮುಂದಿದ್ದವಳು ಲವಂಗ ಕೇಳಿದಳು, ಜತೆಗೆ ಬೀರುವಿಗೆ ಹಾಕಲು ನುಸಿಗುಳಿಗೆ. ಅಂಗಡಿಯವನು ಎರಡೂ ಡಬ್ಬಿಗಳ ಮುಚ್ಚಳವನ್ನು ಒಟ್ಟಿಗೆ ತೆಗೆದಿಟ್ಟ.

ಬೆನ್ನ ಹಿಂದಿನಿಂದ ಬಂದಂತೆ ಬಂತು.

ಇಂದ್ರಾಣಿಯ ಬೆರಳುಗಳು ನಿಂತವು. ಕೈಚೀಲ ಜಾರಿ ಕಾಲ ಮೇಲೆ ಬಿತ್ತು. ಆ ಮನುಷ್ಯ ಸತ್ತು ಎಷ್ಟು ವರ್ಷವಾಯಿತೋ, ಬದುಕಿದ್ದಾನೋ, ಅದೂ ಅವಳಿಗೆ ಗೊತ್ತಿಲ್ಲ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಯಾರದೋ ರೇಷ್ಮೆ ಸೀರೆಯ ಮಡಿಕೆಯಿಂದ, ಎಲ್ಲಿಂದ ಬೇಕಾದರೂ ಅವನು ಬರುತ್ತಿದ್ದ. ಮಲ್ಲಿಗೆ ಹೋಯಿತು, ಮಳೆ ಹೋಯಿತು, ದೇವರ ದೀಪವೂ ಹೋಯಿತು. ಇವನು ಮಾತ್ರ ಇದ್ದಾನೆ. ಇವನನ್ನು ಕಲಿಸು ಎಂದು ಯಾರೂ ಕೇಳಲಿಲ್ಲ.

ಅವಳು ಸೊಂಟದಿಂದ ಬಟ್ಟೆ ತೆಗೆದು ಮುಖಕ್ಕೆ ಹಿಡಿದುಕೊಂಡಳು. ಎಂಟರವರೆಗೆ ಎಣಿಸಿದಳು. ಬೆರಳಿಗೆ ಜೀವ ಬಂತು. ಆ ಬಟ್ಟೆಯೊಳಗೇ ನಿಂತು, ಅಂಗಡಿಯ ಡಬ್ಬಿಗಳನ್ನು ಒಂದೊಂದಾಗಿ ನೋಡುತ್ತ, ಅವಳಿಗೆ ತಾನು ಶುಕ್ರವಾರ ಹೇಳಿದ ಸುಳ್ಳಿನ ಅರ್ಥ ತಿಳಿಯತೊಡಗಿತು.

ಯಂತ್ರಕ್ಕೆ ಮೂಗಿಲ್ಲ. ಅವಳು ಏನು ಕಲಿಸಿದರೆ ಅದೇ ಇಪ್ಪತ್ತೇಳು.

ಹೇಗೆ ನಡೆಯುತ್ತದೆ ಎಂದು ಅವಳು ಎರಡು ವರ್ಷ ನೋಡಿದ್ದಳು. ಮೊದಲ ಸುತ್ತಿನಲ್ಲಿ ಮೆರೆದದ್ದು ಎರಡನೆಯ ಸುತ್ತಿನಲ್ಲಿ ಮಗುಚಿ ಬೀಳುವುದು ಹೊಸತಲ್ಲ. ಆಗ ಸುಜಯ್ ತಲೆ ಕೆರೆದುಕೊಂಡು, ಮೊದಲ ಸಲದ್ದು ಏನೋ ಆಕಸ್ಮಿಕ ಎಂದು ಬರೆದು, ಶೀಶೆಯನ್ನು ಬೀರುವಿಗೆ ಸೇರಿಸುತ್ತಾನೆ. ಬೀರುವಿಗೆ ಹೋದದ್ದನ್ನು ಮತ್ತೆ ಯಾರೂ ಕೇಳುವುದಿಲ್ಲ.

ಅರವತ್ತು ಸಲ ಅವನನ್ನು ಮೂಸಬೇಕು. ಅರವತ್ತು ಸಲ ಅವನು ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಅವಳಿಗೆ ಅದರ ಲೆಕ್ಕ ಗೊತ್ತು. ಹತ್ತರವರೆಗೆ ಮೈ ನಡುಗುತ್ತದೆ. ಮೂವತ್ತಕ್ಕೆ ನುಸಿಗುಳಿಗೆ ಹೋಗುತ್ತದೆ. ನಲವತ್ತೈದಕ್ಕೆ ಪುನುಗು. ಐವತ್ತಮೂರಕ್ಕೆ ಲವಂಗದ ಒಂದು ತೆಳು ಎಳೆ ಉಳಿಯುತ್ತದೆ, ಯಾರೋ ಪಕ್ಕದ ಮನೆಯಲ್ಲಿ ಮಸಾಲೆ ಹುರಿದಂತೆ. ಆಮೇಲೆ ಏನೂ ಇರುವುದಿಲ್ಲ, ಎಂದೆಂದಿಗೂ. ಬಿಡುವಿನಲ್ಲಿ ಬಟ್ಟೆ ಮೂಸಬಾರದೆಂದು ಸುಜಯ್ ಆಗಲೇ ಹೊಸ ನಿಯಮ ಬರೆಸಿದ್ದಾನೆ. ಮೂಸಬೇಕಾಗಿಲ್ಲ. ಸೊಂಟದಲ್ಲಿದ್ದರೆ ಸಾಕು, ಎಡಗಡೆಗೆ.

ಅದು ಮುಗಿದ ಮೇಲೆ ನಲವತ್ತು ಜನ ಬರುತ್ತಾರೆ. ಮೇಷ್ಟ್ರುಗಳು, ಕಾಲೇಜಿನವರು, ಮೂವತ್ತರ ಆಸುಪಾಸಿನ ಹೆಂಗಸರು. ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂತು, ಅವಳ ಮೂಗು ಅವನನ್ನು ಹೇಗೆ ಕಂಡಿತ್ತೋ ಹಾಗೆಯೇ ಹನ್ನೊಂದು ಸೆಕೆಂಡು ಅವನನ್ನು ಕಾಣುತ್ತಾರೆ. ಹನ್ನೊಂದು ಸೆಕೆಂಡು ಅವರಿಗೆ ಹೆಚ್ಚಲ್ಲ, ಸಾಕು. ಮಾಲೀಕರು ಕೇಳಿದಾಗ ಅವಳು ನುಂಗಿಕೊಂಡ ಮಾತನ್ನು ನಲವತ್ತು ಜನರ ಮುಂದೆ ಇಡುತ್ತಾರೆ. ಈ ಜಾಗಕ್ಕೆ ಹೋಗುತ್ತೀರಾ? ಐದು ಉತ್ತರಗಳಲ್ಲಿ ಅವರು ಯಾವುದನ್ನು ಒತ್ತುತ್ತಾರೆ ಎಂದು ಅವಳಿಗೆ ಗೊತ್ತು. ಅವಳ ಬದಲಿಗೆ ಅವರು ಹೇಳುತ್ತಾರೆ.

ಅವಳ ಸರದಿ ಬಂತು. ಅರಿಶಿನ ಕಟ್ಟಿಸಿಕೊಂಡಳು. ಆಮೇಲೆ ಐವತ್ತು ಗ್ರಾಂ ಲವಂಗ, ಹಳೆಯದಾಗಿದ್ದರೆ ಒಳ್ಳೆಯದು ಎಂದಳು. ನಾಲ್ಕು ನುಸಿಗುಳಿಗೆ. ಪುನುಗು ಕೇಳಿದಾಗ ಅಂಗಡಿಯವನು ಈಗೆಲ್ಲ ಅಸಲಿ ಸಿಗುವುದಿಲ್ಲ, ಕೃತಕದ್ದೇ ಇರುವುದು ಎಂದ. ಆಗ ಸಿಗುತ್ತಿದ್ದದ್ದೂ ಅದೇ ಎಂದಳು ಇಂದ್ರಾಣಿ. ಮುಚ್ಚಳ ತೆಗೆಸಿ ಮೂರು ಬಗೆಯನ್ನು ಮೂಸಿ ನೋಡಿ, ಬಟ್ಟೆಗೆ ಮೂಗು ಕೂರಿಸಿ, ಮತ್ತೆ ನೋಡಿ, ಮೂರನೆಯದನ್ನು ಆರಿಸಿದಳು. ಎಷ್ಟಕ್ಕೆ ಎಷ್ಟು ಬೆರೆಸಬೇಕು ಎಂಬುದು ಅವಳಿಗೆ ಹೊಸತಾಗಿ ಕಲಿಯಬೇಕಾದದ್ದಲ್ಲ. ಅದನ್ನು ಹಿಡಿಸಿ ಇನ್ನರ್ಧ ಎಂದು ಒಯ್ಯುವುದಕ್ಕೆ ಅಟ್ಟದ ಮೇಲೆ ಹಳೆಯ ಹತ್ತಿ ಬಟ್ಟೆಗೇನು ಬರವೇ.

"ಏನಮ್ಮ, ಮನೇಲಿ ಹೋಮ ಗೀಮನಾ?" ಎಂದು ಅಂಗಡಿಯವನು ಪೊಟ್ಟಣ ಕಟ್ಟುತ್ತ ಕೇಳಿದ.

"ಅಂಥದ್ದೇ ಕಣಪ್ಪ, ಒಂದು ಸಣ್ಣ ಕಾರ್ಯ," ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪೊಟ್ಟಣಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವುಗಳ ವಾಸನೆ ಮೇಲಕ್ಕೇಳುತ್ತಿದ್ದರೂ ಮುಖ ತಿರುಗಿಸದೆ ಕೂತಳು. ಮನೆ ತಲುಪಿದಾಗ ರಾಚಪ್ಪ ಬಾಗಿಲಲ್ಲೇ ಇದ್ದ. ಚೀಲದ ಕಡೆ ಮೂಗು ಅರಳಿಸಿ, ಇದೇನು ಬಂತು ಎಂದು ಕೇಳಿದ.

ಲವಂಗ ಎಂದು ಹೇಳಿ, ಅವಳು ಒಳಗೆ ಹೋಗಿ ಸ್ಟೀಲು ಡಬ್ಬಿಯನ್ನು ಕೆಳಗಿಳಿಸಿದಳು. ಷಹತಾಜಳ ಬಟ್ಟೆಯನ್ನು ಅದರೊಳಗಿಟ್ಟು, ಮುಚ್ಚಳವನ್ನು ಎರಡು ಕೈಯಿಂದ ಒತ್ತಿ ಬಿಗಿ ಮಾಡಿದಳು.